ಮಟನ್‌ಬರ್ಡ್ ದೋಣಿಯ ಮುಂದಿನ ಮಣೆ

ಹೆಂಡತಿ ಹಾಗೆಯೂ ನಗಬಲ್ಲಳು ಎಂದು ಕ್ಲೆಮ್ ಡಿರೀನನಿಗೆ ಗೊತ್ತಾದದ್ದು ನೀರಿನ ಮೇಲೆ, ಅದೂ ಇನ್ನೊಬ್ಬರ ದೋಣಿಯಿಂದ.

ಗಾಳಿ ಬಿದ್ದ ಮಧ್ಯಾಹ್ನ ಅದು. ಗಾಳಿಯಿಲ್ಲದಾಗ ನೀರಿನ ಮೇಲೆ ಮಾತು ಎಷ್ಟು ದೂರಕ್ಕಾದರೂ ಹೋಗುತ್ತದೆ. ಹಾಗಾಗಿ ಟಾಸ್ಮೇನಿಯಾದ ನಮ್ಮ ಓಕಮ್ ಕೊಲ್ಲಿಯಲ್ಲಿ ಅಂಥ ದಿನ ಯಾರೂ ಯಾರ ಸುದ್ದಿಯನ್ನೂ ಎತ್ತುವುದಿಲ್ಲ. ಪಂದ್ಯದ ದೋಣಿಗಳೆಲ್ಲ ಹಾಯಿ ಜೋಲು ಬಿಟ್ಟುಕೊಂಡು ನಿಂತಿದ್ದವು. ಆಗ ಒಂದು ನಗು ತೇಲಿ ಬಂತು. ಹೊಟ್ಟೆಯಿಂದ ಎದ್ದು, ತಡೆದರೂ ತಡೆಯಲಾಗದೆ, ಕೊನೆಯಲ್ಲಿ ಹಂದಿಯ ಗುಟುರಿನಂಥದ್ದೊಂದು ಸೇರಿಕೊಂಡ ನಗು.

"ಯಾವಳೋ ಅದು ಹಾಗೆ ನಗ್ತಿರೋದು?" ಎಂದು ಕ್ಲೆಮ್ ಕೇಳಿದ.

ಅವನ ದೋಣಿಯ ಮುಂದಿನ ಮಣೆಯ ಮೇಲೆ ಕೂತಿದ್ದ ಡಡ್ಲಿ ಊರಿನ ಕಸಾಯಿ, ಮಾಂಸದಂಗಡಿಯವನು. ಅವನು ತಿರುಗಿಯೂ ನೋಡಲಿಲ್ಲ. "ನಿನ್ನ ಹೆಂಡ್ತಿ ಕಣೋ ಮಾರಾಯ. ಗುರ್ತ ಸಿಗ್ಲಿಲ್ವಾ?"

ಸಿಕ್ಕಿರಲಿಲ್ಲ. ಅಂದೇ ಕ್ಲೆಮ್‌ನ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಹೆಂಡತಿ ವರ್ನಾ ಕೂತಿದ್ದ ಆ ದೋಣಿ, ಒಂದು ಕಡಲಹಕ್ಕಿಯ ಹೆಸರು ಹೊತ್ತ ಮಟನ್‌ಬರ್ಡ್, ಅವನೇ ಕೈಯಾರೆ ಕಟ್ಟಿದ್ದು. ಮದುವೆಯಾದ ವರ್ಷ ಮಾವನ ಸೇಬಿನ ಗೋದಾಮಿನ ಮೂಲೆಯಲ್ಲಿ, ಪ್ಲೈವುಡ್ಡಿಗೆ ಹ್ಯೂವನ್ ಪೈನ್ ಮರದ ಪಕ್ಕೆಲುಬು ಕೊಟ್ಟು ಕಟ್ಟಿದ್ದ. ಇಬ್ಬರು ಕೂರುವ ಪಂದ್ಯದ ಹಾಯಿದೋಣಿ. ಹಿಂದೆ ಕೂತವರು ಚುಕ್ಕಾಣಿ ಹಿಡಿಯಬೇಕು, ಮುಂದಿನ ಮಣೆಯವರು ಮುಂದಿನ ಹಾಯಿ ನೋಡಿಕೊಂಡು, ನೀರು ಎರಚಿಸಿಕೊಂಡು, ಹೇಳಿದಂತೆ ಕೇಳಬೇಕು. ಹದಿನೈದು ವರ್ಷ ಆ ಮುಂದಿನ ಮಣೆ ವರ್ನಾಳದು. ದೋಣಿ ಓಡಿದರೆ ಕ್ಲೆಮ್‌ನ ಜಾಣತನ, ನಿಂತರೆ ವರ್ನಾಳ ತಪ್ಪು. ಹಾಯಿಯ ಬುಡದ ಅಡ್ಡಗೋಲು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬೀಸಿ ಬರುವಾಗ ಅವಳ ತಲೆಗೆ ಬಡಿಯಬಾರದೆಂದು, ಅವಳ ಕಣ್ಣಿಗೆ ನೇರವಾಗಿ ಕಾಣುವಂತೆ ಅದರ ಮೇಲೆ ಕೆಂಪು ಬಣ್ಣದಲ್ಲಿ "ಬಗ್ಗು" ಎಂದು ಬರೆದಿದ್ದ. ಅದು ಪ್ರೀತಿಯಿಂದ ಬರೆದದ್ದು ಎಂದೇ ಅವನ ನಂಬಿಕೆ.

ಆದರೂ ಕ್ಲಬ್ಬಿನ ಸೇಬುಹೂವಿನ ಕಪ್ ಒಮ್ಮೆಯೂ ಅವನ ಕೈಗೆ ಬರಲಿಲ್ಲ. ಚಳಿಗಾಲ ಕಳೆದು ತೋಟಗಳೆಲ್ಲ ಹೂ ಬಿಡುವ ಅಕ್ಟೋಬರಿನಲ್ಲಿ ನಡೆಯುವ ಪಂದ್ಯ. ಗೆದ್ದ ದೋಣಿಯ ಚುಕ್ಕಾಣಿ ಹಿಡಿದವರ ಹೆಸರನ್ನು ಬೆಳ್ಳಿಯ ಮೇಲೆ ಕೆತ್ತುತ್ತಾರೆ. ಅದರ ಮೇಲೆ ಕ್ಲೆಮ್‌ನ ಅಪ್ಪನ ಹೆಸರಿತ್ತು, ಚಿಕ್ಕಪ್ಪನದಿತ್ತು, ಕಡೆಗೆ ಊರಿನ ಪಾದ್ರಿಯದೂ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕ್ಲೆಮ್ ದೋಣಿಗೆ ವಯಸ್ಸಾಯಿತು ಎಂದ. ಹೋದ ಚಳಿಗಾಲ ಪೂರ್ತಿ ಕೂತು ವಿಕ್ಟರ್ ಎಂಬ ಹೊಸದನ್ನು ಕಟ್ಟಿದ. ಮುಂದಿನ ಮಣೆಗೆ ತೂಕದ ಆಳು ಬೇಕೆಂದು ಡಡ್ಲಿಯನ್ನು ಹಿಡಿದ. ವರ್ನಾಳಿಗೆ, "ನಿಂಗೂ ಮೊಣಕಾಲು ನೋವು. ಇನ್ನು ದಡದ ಮೇಲೆ ಆರಾಮಾಗಿರು," ಎಂದ.

"ಹೂಂ," ಎಂದಿದ್ದಳು ವರ್ನಾ. ಅಷ್ಟೇ.

ಹಳೆಯ ದೋಣಿಯನ್ನು ಅಡಿಲೇಡಿನಿಂದ ಹೊಸದಾಗಿ ಬಂದ ನರ್ಸ್ ಇಸೊಬೆಲ್‌ಗೆ ಮಾರಿದ. ಇಸೊಬೆಲ್‌ಗೆ ಈಜು ಬರುತ್ತಿತ್ತು, ಹಾಯಿಯ ತಲೆಬುಡ ಗೊತ್ತಿರಲಿಲ್ಲ. ಒಂದು ದಿನ ಅವಳು ವರ್ನಾಳನ್ನು ಕೇಳಿದಳು, "ನೀವು ಚುಕ್ಕಾಣಿ ಹಿಡೀತೀರಾ? ನಾನು ಮುಂದೆ ಕೂತು ನೀವು ಹೇಳಿದ ಹಾಗೆ ಕೇಳ್ತೀನಿ." ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಹದಿನೈದು ವರ್ಷದಲ್ಲಿ ಆ ಮಾತನ್ನು ಕ್ಲೆಮ್ ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಈಗ ಹೆಂಗಸರಿಬ್ಬರೂ ವಾರ ಬಿಟ್ಟು ವಾರ ಗೆಲ್ಲುತ್ತಿದ್ದರು. ಇರಲಾರದೆ ಇರುವೆ ಬಿಟ್ಟುಕೊಂಡಂತಾಗಿತ್ತು ಅವನ ಪಾಡು.

ಗೆದ್ದರೆ ಗೆಲ್ಲಲಿ, ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದಿದ್ದದ್ದು ಆ ನಗು. ಮನೆಯಲ್ಲಿ ಅವಳು ನಗುತ್ತಿದ್ದಳು, ಇಲ್ಲವೆಂದಲ್ಲ. ಅದು ಬಂದ ನೆಂಟರಿಗೆ ಚಹಾ ಕೊಟ್ಟಂತೆ ಕೊಡುವ ನಗು. ಈ ಗುಟುರಿನ ನಗುವನ್ನು ಅವಳು ಎಲ್ಲಿ ಬಚ್ಚಿಟ್ಟಿದ್ದಳು? ಆ ನರ್ಸ್ ಅದೇನು ಹೇಳಿ ಅದನ್ನು ಹೊರಗೆ ತೆಗೆದಳು? ಊಟಕ್ಕೆ ಕೂತಾಗಲೆಲ್ಲ ಕ್ಲೆಮ್ ಹೆಂಡತಿಯ ಮುಖ ನೋಡುತ್ತಿದ್ದ. ಬಾಯಿ ತೆರೆದು ಉಪ್ಪು ಕೇಳುತ್ತಿದ್ದ.

ಕಪ್ಪಿನ ಪಂದ್ಯಕ್ಕೆ ಒಂದು ವಾರ ಉಳಿದಿದ್ದಾಗ ಅನಾಹುತ ನಡೆಯಿತು. ಶನಿವಾರದ ಮಾಮೂಲಿ ಪಂದ್ಯ, ಚುರುಕಾದ ಗಾಳಿ. ಮಟನ್‌ಬರ್ಡ್ ಬಲಗಡೆಯಿಂದ ಗಾಳಿ ಹಿಡಿದು ಬರುತ್ತಿತ್ತು, ವಿಕ್ಟರ್ ಎಡಗಡೆಯಿಂದ. ಬಲಗಡೆಯ ಗಾಳಿಯವರಿಗೆ ದಾರಿ ಬಿಡಬೇಕು. ಇದು ನಮ್ಮೂರಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು.

"ದಾರಿ! ದಾರಿ ಬಿಡಿ!" ಎಂದು ವರ್ನಾ ಕೂಗಿದಳು.

"ಕ್ಲೆಮ್, ಅವ್ರು ಬಂದ್ರು," ಎಂದ ಡಡ್ಲಿ.

"ಕಾಣ್ತದೆ ನಂಗೆ."

ಕಾಣುತ್ತಲೇ ಇತ್ತು. ತಿರುಗಿಸಲು ಬೇಕಾದಷ್ಟು ಸಮಯವೂ ಇತ್ತು. ಅಷ್ಟರಲ್ಲಿ ಇಸೊಬೆಲ್ ಏನೋ ಅಂದಳು, ವರ್ನಾ ನಕ್ಕಳು, ಕೊನೆಯ ಗುಟುರಿನ ಸಮೇತ. ಕ್ಲೆಮ್‌ನ ಕೈ ಚುಕ್ಕಾಣಿಯ ಮೇಲೆ ಕಲ್ಲಾಯಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ವಿಕ್ಟರಿನ ಮೂತಿ ಮಟನ್‌ಬರ್ಡಿನ ಎಡಮಗ್ಗುಲಿಗೆ, ಸರಿಯಾಗಿ ಮುಂದಿನ ಮಣೆಯ ಪಕ್ಕಕ್ಕೆ ನುಗ್ಗಿತು. ಪ್ಲೈವುಡ್ಡು ಹಪ್ಪಳದಂತೆ ಮುರಿಯಿತು.

ನಗು ನಿಂತಿತು. ಇಸೊಬೆಲ್ ತೂತಿಗೆ ತನ್ನ ಜಾಕೆಟ್ ತುರುಕಿದಳು. ವರ್ನಾ ಗಂಡನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಮ್ಮ ಕ್ಲಬ್ಬಿನಲ್ಲಿ ಇಂಥದ್ದಕ್ಕೆ ಪಂಚಾಯಿತಿ ಕೂರಿಸುವ ಪದ್ಧತಿಯಿಲ್ಲ. ಒಡೆದವನು ಕಟ್ಟಬೇಕು, ಕಟ್ಟಿದವನು ಕೂರಬೇಕು. ಅಂದರೆ ಯಾರಿಂದ ದೋಣಿ ಒಡೆಯಿತೋ ಅವನು ತನ್ನ ಶೆಡ್ಡಿನಲ್ಲಿ ತನ್ನ ಕೈಯಿಂದ ರಿಪೇರಿ ಮಾಡಬೇಕು. ಆಮೇಲೆ ಅದು ಮೊದಲ ಸಲ ನೀರಿಗಿಳಿಯುವಾಗ ಅವನೇ ಮುಂದಿನ ಮಣೆಯ ಮೇಲೆ ಕೂತು ಹೋಗಬೇಕು. ಹಿಂದೊಮ್ಮೆ ಒಬ್ಬ ಪುಣ್ಯಾತ್ಮ ಎದುರಾಳಿಯ ದೋಣಿಯ ತೂತಿಗೆ ಲಪ್ಪ ಮೆತ್ತಿ, ಮೇಲೆ ಬಣ್ಣ ಬಳಿದು ಕೊಟ್ಟಿದ್ದನಂತೆ. ಅದು ನಡುನೀರಿನಲ್ಲಿ ಬಾಯಿ ಬಿಟ್ಟಿತಂತೆ. ಅಂದಿನಿಂದ ಈ ಕಟ್ಟಲೆ. ಸಾಮಾನ್ಯವಾಗಿ ವಾರದ ನಡುವೆ ಒಂದು ಸಂಜೆ ಬುರುಡೆಯವರೆಗೆ, ಅಂದರೆ ಲಂಗರು ಹಾಕಿ ತೇಲಿಬಿಟ್ಟ ಗುರುತಿನವರೆಗೆ, ಹೋಗಿ ಬಂದರೆ ಮುಗಿಯಿತು.

ಭಾನುವಾರ ಮಟನ್‌ಬರ್ಡನ್ನು ಕ್ಲೆಮ್‌ನ ಶೆಡ್ಡಿಗೆ ತಂದು ಮಗುಚಿ ಮಲಗಿಸಿದರು. ಎಲ್ಲರೂ ಹೋದ ಮೇಲೆ ಅವನು ಬಾಗಿಲು ಹಾಕಿಕೊಂಡು ಅದರ ಮೈಯೆಲ್ಲ ತಡವಿದ. ರಿಪೇರಿಗಲ್ಲ. ತವರಿಗೆ ಬಂದ ಮಗಳ ಮೈಮೇಲೆ ಏನೇನು ಒಡವೆ ಬಂದಿದೆ ಎಂದು ನೋಡುವವರಂತೆ, ಆ ಹೆಂಗಸರು ಏನು ಗುಟ್ಟು ಮಾಡಿದ್ದಾರೆ ಎಂದು ಹುಡುಕಿದ.

ಗುಟ್ಟು ಬೇಗನೆ ಸಿಕ್ಕಿತು. ಅವನು ಪ್ರತಿ ಚಳಿಗಾಲ ತಪ್ಪದೆ ಬಳಿದಿದ್ದ ಬಣ್ಣ ಇರಲಿಲ್ಲ. ಹಳೆಯದನ್ನು ಕೆರೆಯದೆ ಅದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು, ಹೀಗೆ ವರ್ಷ ವರ್ಷ ಅವನು ಹೊದಿಸಿದ್ದ ಪದರಗಳನ್ನೆಲ್ಲ ಮರದವರೆಗೆ ಕೆರೆದು, ತೆಳ್ಳಗೆ ಎರಡು ಕೈ ಬಳಿದಿದ್ದರು. ಒಂದು ತುದಿ ಹಿಡಿದೆತ್ತಿದ. ದೋಣಿ ಹಗುರವಾಗಿ ಎದ್ದು ಬಂತು. ಇಷ್ಟು ವರ್ಷ ತಾನು ಆರೈಕೆ ಮಾಡಿದ್ದೇ ಅದಕ್ಕೆ ಹೊರೆಯಾಗಿತ್ತು ಎಂಬುದು ಅವನಿಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದಕ್ಕೇ ಮೈಯುರಿಯಿತು.

ಚುಕ್ಕಾಣಿಯ ಹಿಡಿಗೆ ನೀಲಿ ಉಣ್ಣೆಯ ದಾರ ಸುತ್ತಿದ್ದರು. ಅದು ವರ್ನಾ ಅವನಿಗೆ ಹೆಣೆಯಲು ಶುರು ಮಾಡಿ ಬಿಟ್ಟಿದ್ದ ಸ್ವೆಟರಿನ ಉಣ್ಣೆ. ಮುಂದಿನ ಮಣೆಗೆ ಒಂದು ಮೆತ್ತೆ ಹೊಲಿದಿದ್ದರು. ಹದಿನೈದು ವರ್ಷ ವರ್ನಾ ಬರಿಯ ಹಲಗೆಯ ಮೇಲೆ ಕೂತಿದ್ದಳು. ಈ ನರ್ಸಮ್ಮನಿಗೆ ಮೆತ್ತೆ ಬೇಕೇ? ಅಡ್ಡಗೋಲನ್ನೂ ಕೆರೆದು ವಾರ್ನಿಷ್ ಹೊಡೆದಿದ್ದರು. ಅದರ ಮೇಲಿನ ಕೆಂಪು "ಬಗ್ಗು" ಮಾತ್ರ ಹಾಗೇ ಇತ್ತು. ಸುತ್ತ ಜೋಪಾನವಾಗಿ ಕೆರೆದು ಅದೊಂದನ್ನು ಉಳಿಸಿದ್ದರು. ಅದನ್ನು ಕಂಡು ಕ್ಲೆಮ್‌ಗೆ ಒಳಗೊಳಗೇ ಖುಷಿಯಾಯಿತು. ಇರಲಿ, ನನ್ನದೂ ಒಂದು ಗುರುತು ಇಟ್ಟುಕೊಂಡಿದ್ದಾಳೆ ಎಂದುಕೊಂಡ.

ಕೆಲಸವೇನೋ ಚೊಕ್ಕವಾಗಿಯೇ ಮಾಡಿದ. ಅವನ ಬಾಯಿ ಹೇಗಾದರೂ ಇರಲಿ, ಕೈಗೆ ಹೆಸರಿಡುವಂತಿರಲಿಲ್ಲ. ಮುರಿದ ಭಾಗವನ್ನು ಸುತ್ತಲೂ ಕೊಯ್ದು ತೆಗೆದ. ತೂತಿನ ಅಂಚನ್ನು ಕೀಸುಳಿಯಿಂದ ಇಳಿಜಾರಾಗಿ ಕೆತ್ತಿದ. ಅದೇ ಇಳಿಜಾರಿಗೆ ಹೊಸ ಪ್ಲೈವುಡ್ಡಿನ ತೇಪೆ ಕೂರಿಸಿ, ಉಗುರು ಹೋಗದಷ್ಟು ಸಂದು ಮುಚ್ಚಿದ. ಮುರಿದ ಪಕ್ಕೆಲುಬಿಗೆ ಬೇರೆ ಹ್ಯೂವನ್ ಪೈನ್ ತುಂಡು ಜೋಡಿಸಿದ. ಉಳಿ ಆಡಿದಾಗ ಆ ಮರದ ಸಿಹಿ ವಾಸನೆ ಎದ್ದು ಶೆಡ್ಡು ತುಂಬಿತು. ಅದು ಮದುವೆಯಾದ ವರ್ಷದ ವಾಸನೆ.

ಮಂಗಳವಾರ ಇಸೊಬೆಲ್ ಒಂದು ಡಬ್ಬಿಯಲ್ಲಿ ಸ್ಕೋನ್ ಎಂಬ ಬನ್ನು ಹಿಡಿದುಕೊಂಡು ಬಂದಳು. ಅವಳ ಮೊಣಕಾಲಿನ ಮೇಲೆ ಗುದ್ದಿದ ಗಾಯ ನೇರಳೆಯಾಗಿತ್ತು.

"ಎಷ್ಟು ಚೆನ್ನಾಗಿ ಮಾಡ್ತಿದ್ದೀರ, ಕ್ಲೆಮ್," ಎಂದಳು.

"ಮಾಡ್ಲೇಬೇಕಲ್ಲ. ಕಟ್ಟಲೆ."

"ಶನಿವಾರಕ್ಕೆ ಆಗ್ತದಾ?"

"ಅಂಟು ಗಟ್ಟಿಯಾದ್ರೆ ಆಗ್ತದೆ. ಆಗದಿದ್ರೆ ಇಲ್ಲ. ಅಂಟು ನನ್ನ ಮಾತು ಕೇಳ್ತದಾ?"

ಇಸೊಬೆಲ್ ನಕ್ಕಳು. "ವರ್ನಾ ಹೇಳ್ತಿರ್ತಾರೆ, ನಿಮ್ಮ ಮಾತು ಕೇಳದೆ ಇರೋದು ಈ ಊರಲ್ಲಿ ಗಾಳಿ ಒಂದೇ ಅಂತ."

ಇನ್ನೇನೇನು ಹೇಳುತ್ತಾಳೆ ಎಂದು ಕೇಳಬೇಕೆಂದು ಕ್ಲೆಮ್‌ಗೆ ನಾಲಗೆಯ ತುದಿಯವರೆಗೆ ಬಂದಿತ್ತು. ಅದರ ಬದಲು ಕೀಸುಳಿ ಎತ್ತಿಕೊಂಡ. ಅವಳು ಹೋದ ಮೇಲೆ ಸ್ಕೋನ್ ತಿನ್ನಲಿಲ್ಲ. ಸಂಜೆ ನಾಯಿಗೆ ಹಾಕಿದ. ಅದು ಬಲು ಪ್ರೀತಿಯಿಂದ ತಿಂದಿತು. ಅದನ್ನು ನೋಡಿ ಅವನಿಗೆ ನಾಯಿಯ ಮೇಲೂ ಸಿಟ್ಟು ಬಂತು.

ಬುಧವಾರ ಅಂಟು ಹಚ್ಚಿದ. ಎರಡು ಡಬ್ಬಿಯದನ್ನು ಕಲಸಿ ಹಚ್ಚುವ ಅಂಟು ಅದು. ಬೆಚ್ಚಗಿದ್ದರೆ ಬೆಳಗಾಗುವುದರೊಳಗೆ ಕಲ್ಲಾಗುತ್ತದೆ. ಚಳಿಗೆ ಸಿಕ್ಕರೆ ಗಿಣ್ಣಿನಂತೆ ಮೆತ್ತಗೆ ಕೂತಿರುತ್ತದೆ. ಆ ವಾರ ನಮ್ಮ ಟಾಸ್ಮೇನಿಯಾದ ಮೇಲೆ ದಕ್ಷಿಣ ಧ್ರುವದ ಗಾಳಿ ತಿರುಗಿತ್ತು, ಹಿಂದಿನ ಬೆಟ್ಟದ ಮೇಲೆ ಮತ್ತೆ ಹಿಮ ಬಿದ್ದಿತ್ತು. ಶೆಡ್ಡಿನ ಮೂಲೆಯಲ್ಲಿ ಸೀಮೆಎಣ್ಣೆಯ ಹೀಟರ್ ಇತ್ತು. ಅಂಟು ಹಚ್ಚಿ, ಒಳಗೂ ಹೊರಗೂ ಹಲಗೆ ಕೊಟ್ಟು, ಕ್ಲ್ಯಾಂಪು ಬಿಗಿದು ಕ್ಲೆಮ್ ಕೈ ಒರೆಸಿಕೊಂಡ. ಹೀಟರನ್ನು ನೋಡಿದ. ಅದು ತಾನಾಗಿ ಹತ್ತಿಕೊಳ್ಳುವ ವಸ್ತುವಲ್ಲ. ಹತ್ತಿಸಬೇಕಾದವನು ದೀಪ ಆರಿಸಿ ಮನೆಗೆ ಹೋದ. ತಾನು ಯಾವ ತಪ್ಪನ್ನೂ ಮಾಡಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮಾಡಬೇಕಾದ ಒಂದು ಕೆಲಸವನ್ನು ಮಾಡಿರಲಿಲ್ಲ, ಅಷ್ಟೇ. ಹೊಟ್ಟೆಕಿಚ್ಚಿನ ಮನುಷ್ಯನಿಗೆ ಇಷ್ಟು ವಕೀಲಿಕೆ ಯಾವಾಗಲೂ ಬರುತ್ತದೆ.

ಗುರುವಾರ ಮಧ್ಯಾಹ್ನ ವರ್ನಾ ಶೆಡ್ಡಿಗೆ ಬಂದಳು. ತೇಪೆಯ ಅಂಚಿನಲ್ಲಿ ಉಕ್ಕಿ ಬಂದಿದ್ದ ಅಂಟಿಗೆ ಹೆಬ್ಬೆರಳಿನ ಉಗುರು ಒತ್ತಿದಳು. ಉಗುರು ಒಳಗಿಳಿಯಿತು.

"ಹೀಟರ್ ಯಾಕೆ ಹಚ್ಚಿಲ್ಲ?"

"ಸೀಮೆಎಣ್ಣೆ ಇಲ್ಲ."

ವರ್ನಾ ಡಬ್ಬಿಯನ್ನು ಎತ್ತಿ ಅಲ್ಲಾಡಿಸಿದಳು. ಅದು ಗುಳುಗುಳು ಎಂದಿತು. ಡಬ್ಬಿಯನ್ನು ಇದ್ದಲ್ಲೇ ಇಟ್ಟಳು.

"ಕ್ಲೆಮ್, ನಿಂಗೆ ಏನಾಗಿದೆ?"

"ಏನೂ ಆಗಿಲ್ಲ. ಮರ್ತುಹೋಯ್ತು."

"ದೋಣಿಗೆ ಸಂಬಂಧಪಟ್ಟಿದ್ದು ನೀನು ಮರೆಯೋದು! ನನ್ನ ಹುಟ್ಟಿದ ದಿನ ಮರ್ತೆ ಅಂದ್ರೆ ನಂಬ್ತೀನಿ."

ಅವಳು ಹೀಟರ್ ಹಚ್ಚಿ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ತೋಳಿನ ತುಂಬ ಏನನ್ನೋ ಹೊತ್ತುಕೊಂಡು ಬಂದಳು. ಅವರಿಬ್ಬರ ಹಾಸಿಗೆಯ ಕರೆಂಟು ಕಂಬಳಿ. ಚಳಿಗಾಲದಲ್ಲಿ ಹಾಸಿಗೆಯನ್ನು ಬೆಚ್ಚಗೆ ಮಾಡುವ ಆ ಕಂಬಳಿಯನ್ನು ಮಟನ್‌ಬರ್ಡಿನ ಹೊಟ್ಟೆಗೆ ಸುತ್ತಿ, ಮೇಲೆ ಹಳೆಯ ಗೋಣಿ ಹೊದಿಸಿ, ಗುಂಡಿ ಒತ್ತಿದಳು.

"ನಮಗೆ?" ಎಂದ ಕ್ಲೆಮ್.

"ನಮಗೇನು? ಗಾಯ ಆಗಿರೋದು ಇವಳಿಗೆ."

ಆ ಎರಡು ರಾತ್ರಿ ಮಂಜುಗಡ್ಡೆಯಂಥ ಹಾಸಿಗೆಯಲ್ಲಿ ಕ್ಲೆಮ್ ಕಾಲು ಮಡಚಿಕೊಂಡು ಮಲಗಿದ. ತನ್ನ ದೋಣಿ, ತನ್ನ ಹೆಂಡತಿ, ಈಗ ತನ್ನ ಕಂಬಳಿಯೂ ಆ ನರ್ಸಿನ ಪಾಲಾಯಿತು ಎಂದುಕೊಂಡ. ವರ್ನಾ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹಾಯಾಗಿ ನಿದ್ದೆ ಮಾಡಿದಳು.

ಶನಿವಾರ ಬೆಳಿಗ್ಗೆ ಅಂಟು ಕಲ್ಲಾಗಿತ್ತು. ಕ್ಲ್ಯಾಂಪು ಬಿಚ್ಚಿ, ಉಕ್ಕಿದ್ದನ್ನು ಉಜ್ಜಿ ತೆಗೆದರು. ಬಣ್ಣಕ್ಕೆ ಸಮಯವಿರಲಿಲ್ಲ. ಬಿಳಿ ಮೈಮೇಲೆ ಮರದ ಬಣ್ಣದ ತೇಪೆ ಎದ್ದು ಕಾಣುತ್ತಿತ್ತು. ಹಾಗೇ ಬಂಡಿಗೆ ಹೇರಿ ದಡಕ್ಕೆ ತಂದರು. ಕ್ಲೆಮ್ ವಿಕ್ಟರಿನ ಹಾಯಿ ಏರಿಸಲು ಹೊರಟಿದ್ದ. ಕ್ಲಬ್ಬಿನ ಅಧ್ಯಕ್ಷ ಮುದುಕ ಹೊರೇಸ್ ಕ್ಯಾಲೊ ಕೋಲೂರಿಕೊಂಡು ಬಂದು ತೇಪೆಯನ್ನು ಕೋಲಿನ ತುದಿಯಿಂದ ಕುಟ್ಟಿ ನೋಡಿದ.

"ಕೆಲಸ ಚೆನ್ನಾಗಿದೆ. ನೀರಿಗೆ ಯಾವಾಗ ಇಳಿಸಿದ್ರಿ?"

"ಈಗ್ಲೇ ಮೊದಲು," ಎಂದಳು ವರ್ನಾ.

"ಹಾಗಾದ್ರೆ ಕಟ್ಟಿದವನು ಮುಂದೆ ಕೂರ್ಲಿ."

ಕ್ಲೆಮ್‌ಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಮುಖ ಬೆಳ್ಳಗಾಯಿತು. "ಹೊರೇಸ್, ಇವತ್ತು ಕಪ್ಪಿನ ಪಂದ್ಯ!"

"ನಂಗೆ ವಯಸ್ಸಾಗಿದೆ, ಮರೆವು ಬಂದಿಲ್ಲ. ಗುಂಡು ಹಾರೋಕೆ ಕಾಲು ಗಂಟೆ ಇದೆ, ಈಗ ಬುರುಡೆವರೆಗೆ ಹೋಗಿ ಬರೋಕಾಗಲ್ಲ. ಗುರುವಾರವೇ ಮುಗಿಸಿ ಬುರುಡೆವರೆಗೆ ಒಂದು ಸುತ್ತು ಹೋಗಿ ಬಂದಿದ್ರೆ ಇವತ್ತು ನಿನ್ನ ದೋಣಿಲಿ ನೀನಿರ್ತಿದ್ದೆ. ಯಾಕೆ ತಡ ಆಯ್ತು?"

ವರ್ನಾ ಸಮುದ್ರ ನೋಡುತ್ತ ನಿಂತಿದ್ದಳು. ಹೀಟರಿನ ವಿಷಯ ಅವಳು ಬಾಯಿ ಬಿಡಲಿಲ್ಲ. ಕ್ಲೆಮ್ ಕೂಡ ಬಾಯಿ ಬಿಡುವಂತಿರಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನು ಗುಂಡಿಯ ಅಳತೆ ಹೇಳಲಿಕ್ಕಾಗುತ್ತದೆಯೇ?

"ನಾನು ದಡದಲ್ಲಿರ್ತೀನಿ," ಎಂದಳು ಇಸೊಬೆಲ್. ಒಂದಿಷ್ಟೂ ಬೇಸರವಿಲ್ಲದ ದನಿ. "ಮೆತ್ತೆ ಅಲ್ಲೇ ಇದೆ ಕ್ಲೆಮ್, ಕೂತ್ಕೊಳ್ಳಿ. ಹಲಗೆ ಬಹಳ ಒತ್ತುತ್ತೆ. ಅದಕ್ಕೇ ವರ್ನಾ ಹೊಲಿದುಕೊಟ್ಟಿದ್ದು."

ವಿಕ್ಟರಿನ ಚುಕ್ಕಾಣಿ ಡಡ್ಲಿಯ ಪಾಲಿಗೆ ಬಂತು. ಅವನ ಮುಂದೆ ಕೂರಲು ಪಬ್ಬಿನ ಯಜಮಾನ ಒಪ್ಪಿದ. "ಹೆದರ್ಬೇಡ ಮಾರಾಯ," ಎಂದ ಡಡ್ಲಿ, "ಗೀರು ಬೀಳದ ಹಾಗೆ ವಾಪಸ್ ತರ್ತೀನಿ. ಗೆಲ್ಲೋದು ಗಿಲ್ಲೋದು ನನ್ನ ಕೈಲಾಗಲ್ಲ."

ಗುಂಡು ಹಾರಿತು, ದೋಣಿಗಳು ಹೊರಟವು. ಕ್ಲೆಮ್ ಮೆತ್ತೆಯನ್ನು ಕಾಲಲ್ಲಿ ಅತ್ತ ಸರಿಸಿ ಬರಿಯ ಹಲಗೆಯ ಮೇಲೆ ಕೂತ. ಮೊದಲ ಅಲೆಗೇ ಕತ್ತಿನಿಂದ ಸೊಂಟದವರೆಗೆ ನೀರಿಳಿಯಿತು. ಕಣ್ಣೆದುರಿಗೆ, ಮೂಗಿನಿಂದ ಗೇಣು ದೂರದಲ್ಲಿ, ತಾನೇ ಬರೆದ "ಬಗ್ಗು". ಹಿಂದೆ ಕೂತು ನೋಡಿದಾಗ ಅದು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಅವನು ಬಗ್ಗಿದ, ಎದ್ದ, ಹಗ್ಗ ಎಳೆದ, ಮತ್ತೆ ಬಗ್ಗಿದ. ಯಾವಾಗ ಬೈಗುಳ ಬೀಳುತ್ತದೋ ಎಂದು ಬೆನ್ನು ಕಾಯುತ್ತಿತ್ತು. ಬೀಳಲಿಲ್ಲ.

"ಅಲ್ಲಿ ಮುಂದೆ ಏನು ಕಾಣ್ತದೆ?" ಎಂದು ವರ್ನಾ ಕೇಳಿದಳು.

"ಏನು ಕಾಣ್ಬೇಕು?"

"ಗಾಳಿ. ಹಿಂದೆ ಕೂತವರಿಗೆ ಹಾಯಿ ಅಡ್ಡ. ಮುಂದಿನವರಿಗೇ ಮೊದಲು ಕಾಣೋದು."

ಕ್ಲೆಮ್ ನೋಡಿದ. ಎಡಗಡೆ ನೀರಿನ ಮೇಲೆ ಕಪ್ಪಾದ ಸುಕ್ಕೊಂದು ತೆವಳಿಕೊಂಡು ಬರುತ್ತಿತ್ತು. ಹೇಳಿದ. ವರ್ನಾ ದೋಣಿಯನ್ನು ಅತ್ತ ಒಯ್ದಳು. ಗಾಳಿ ಸಿಕ್ಕಿತು. ಮಟನ್‌ಬರ್ಡ್ ಮೈ ಕೊಡವಿಕೊಂಡು ಓಡಿತು. ಇನ್ನೊಂದು ಸುಕ್ಕು, ಇನ್ನೊಂದು ಓಟ. ಇದೇ ಮಣೆಯಿಂದ ವರ್ನಾ ಹಿಂದೆಲ್ಲ "ಕ್ಲೆಮ್, ಅಲ್ಲಿ ಗಾಳಿ ಇದೆ," ಎನ್ನುತ್ತಿದ್ದುದು ಅವನಿಗೆ ನೆನಪಾಯಿತು. "ಸುಮ್ನೆ ಕೂತ್ಕೊಂಡು ಹಗ್ಗ ನೋಡು," ಎಂದು ತಾನು ಹೇಳುತ್ತಿದ್ದುದೂ ನೆನಪಾಯಿತು. ಆ ಲೆಕ್ಕದಲ್ಲಿ ಎಷ್ಟು ಕಪ್ಪುಗಳು ನೀರಿಗೆ ಹೋದವೋ!

ಕೊನೆಯ ಬುರುಡೆ ಸುತ್ತಿದಾಗ ಎಲ್ಲರಿಗಿಂತ ಮುಂದಿದ್ದರು. ಹೆಂಡತಿ ಒಮ್ಮೆಯೂ ನಕ್ಕಿರಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ದಡದಲ್ಲಿ ಇಸೊಬೆಲ್ ಕೈ ಬೀಸಿದಾಗ ಮಾತ್ರ ಅವಳ ಮುಖ ಅರಳಿತು. ಕ್ಲೆಮ್‌ಗೆ ಇನ್ನು ತಡೆಯಲಾಗಲಿಲ್ಲ.

"ಅವಳ ಜೊತೆ ಅಷ್ಟೊಂದು ನಗ್ತೀಯಲ್ಲ, ಏನದು ಅಂಥ ನಗೋ ವಿಷಯ?"

ವರ್ನಾ ಚುಕ್ಕಾಣಿಯನ್ನು ತುಸು ಸರಿಸಿದಳು. "ಇಸೊಬೆಲ್ ನಿನ್ನ ಹಾಗೆ ಮಾಡಿ ತೋರಿಸ್ತಾಳೆ."

"ನನ್ನ ಹಾಗೆ?"

"ಆ ಕೋಲಿನ ಮೇಲಿರೋದನ್ನ ಓದಿ ಕೂಗ್ತಾಳೆ. 'ಬಗ್ಗು! ವರ್ನಾ, ಬಗ್ಗು! ನಿನ್ನ ತಲೆ ಒಳಗೆ ಏನೂ ಇಲ್ಲ ಅಂತ ಕೋಲಿಗೆ ಗೊತ್ತಾ?' ಅಂತ. ಥೇಟ್ ನೀನೇ. ಅದಕ್ಕೇ ಆ ಅಕ್ಷರ ಕೆರೀಲಿಲ್ಲ ನಾವು."

ಕ್ಲೆಮ್ ಮುಂದಕ್ಕೆ ತಿರುಗಿ ಕೂತ. ಕಿವಿ ಸುಟ್ಟುಹೋಗುತ್ತಿತ್ತು. ವಾರಗಟ್ಟಲೆ ಅವನ ನಿದ್ದೆ ಕೆಡಿಸಿದ ನಗು ಅವನ ಹೆಸರಿನದೇ ಆಗಿತ್ತು. ಹೊರಗಿನವಳೊಬ್ಬಳು ಅವನ ಬೈಗುಳವನ್ನು ಎತ್ತಿಕೊಂಡು, ಅವನ ಹೆಂಡತಿಗೆ ಅದನ್ನೇ ಉಡುಗೊರೆ ಕೊಟ್ಟಿದ್ದಳು. ಇದಕ್ಕೆ ಯಾರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂದೇ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಹಗ್ಗ ಕಿರುಗುಟ್ಟುವ ಸದ್ದು ಕೇಳಿತು. ತಿರುಗಿ ನೋಡಿದರೆ ವಿಕ್ಟರ್. ಡಡ್ಲಿ ಎರಡನೆಯವನಾಗಿ ಬರುತ್ತಿದ್ದ. ಆದರೆ ಎಂಥ ಬರುವಿಕೆ! ಹಾಯಿಯನ್ನು ಉಸಿರು ಕಟ್ಟುವಂತೆ ಬಿಗಿದಿದ್ದ. ಚುಕ್ಕಾಣಿಯನ್ನು ಕುರಿ ಕೊಯ್ಯುವವನಂತೆ ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದ. ಒಂದು ಚಳಿಗಾಲ ಪೂರ್ತಿ ಕೂತು ಕಟ್ಟಿದ ದೋಣಿ ಪರರ ಕೈಯಲ್ಲಿ ಏದುಸಿರು ಬಿಡುತ್ತಿತ್ತು. 'ಬಾಯಿ ಮುಚ್ಚು, ಬಾಯಿ ಮುಚ್ಚು' ಎಂದು ಕ್ಲೆಮ್ ತನಗೆ ತಾನೇ ಹೇಳಿಕೊಂಡ. ಪಂದ್ಯ ಮುಗಿಯುವ ಗೆರೆ ಇನ್ನೇನು ಹತ್ತಿರವಿತ್ತು. ವಿಕ್ಟರ್ ಮತ್ತೊಮ್ಮೆ ನರಳಿತು. ಕ್ಲೆಮ್ ಎದ್ದು ನಿಂತುಬಿಟ್ಟ.

"ಏಯ್ ಡಡ್ಲಿ! ಹಾಯಿ ಸಡಿಲ ಬಿಡೋ! ಚುಕ್ಕಾಣಿ ಹಂದಿ ತೊಡೆ ಅಲ್ವೋ, ಎರಡು ಬೆರಳಲ್ಲಿ ಹಿಡಿಯೋ ಕತ್ತೆ!"

ಡಡ್ಲಿ ವಿಧೇಯ ಮನುಷ್ಯ. ಹಾಯಿ ಸಡಿಲ ಬಿಟ್ಟ, ಎರಡು ಬೆರಳಲ್ಲಿ ಹಿಡಿದ. ವಿಕ್ಟರ್ ತಲೆ ಎತ್ತಿತು. ಗೂಟದಿಂದ ಬಿಚ್ಚಿದ ಕರುವಿನಂತೆ ನೆಗೆದು ಬಂತು, ಮಟನ್‌ಬರ್ಡಿನ ಸಮಕ್ಕೆ ಬಂತು, ಮುಂದೆ ಹೋಯಿತು. ಗೆರೆಯ ಮೇಲೆ ಗಂಟೆ ಹೊಡೆದದ್ದು ಅದಕ್ಕೆ. ಮರುಕ್ಷಣದ ಗಂಟೆ ಮಟನ್‌ಬರ್ಡಿನದು.

ಕಪ್ಪಿನ ಮೇಲೆ ಅಪ್ಪನ ಹೆಸರಿನ ಕೆಳಗೆ, ಚಿಕ್ಕಪ್ಪನ ಕೆಳಗೆ, ಪಾದ್ರಿಯ ಕೆಳಗೆ, ಇನ್ನು ಕಸಾಯಿ ಡಡ್ಲಿಯ ಹೆಸರು. ಹಳೆಯ ದೋಣಿ ಅವನು ಬಿಟ್ಟ ಮೇಲೆ ಗೆದ್ದಿತ್ತು. ಹೊಸ ದೋಣಿ ಅವನು ಇಳಿದ ದಿನವೇ ಗೆದ್ದಿತು. ಕ್ಲೆಮ್ ನಿಂತವನು ನಿಂತೇ ಇದ್ದ.

"ಅದು ನನ್ನ ದೋಣಿ!" ಎಂದ, ಯಾರಿಗೋ ದೂರು ಕೊಡುವವನಂತೆ.

ಬೆನ್ನ ಹಿಂದೆ ಏನೋ ಒಡೆದಂತಾಯಿತು. ವರ್ನಾ ಚುಕ್ಕಾಣಿ ಬಿಟ್ಟಿದ್ದಳು. ದೋಣಿ ತಾನಾಗಿ ಗಾಳಿಗೆ ತಿರುಗಿತು, ಹಾಯಿ ಬಡಿದುಕೊಂಡಿತು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಪ್ಪು ಕೈತಪ್ಪಿತ್ತು, ಅವಳದೂ. ಅದರ ಪರಿವೆಯೇ ಇಲ್ಲದೆ, ಕಣ್ಣಲ್ಲಿ ನೀರು ಸುರಿಸಿಕೊಂಡು, ಕೊನೆಗೆ ಆ ಗುಟುರಿನೊಂದಿಗೆ, "ಹಂದಿ ತೊಡೆ!" ಎಂದು ಹೇಳಿ ಮತ್ತೆ ನಕ್ಕಳು. ಅಡ್ಡಗೋಲು ಬೀಸಿ ಬಂತು.

"ಬಗ್ಗು!" ಎಂದಳು.

ಅವನು ಬಗ್ಗಿದ. ಬಗ್ಗಿದವನು ಹಾಗೇ ಮಣೆಯ ಮೇಲೆ ಕುಸಿದು ಕೂತ, ಮೆತ್ತೆಯ ಮೇಲೆಯೇ. ನಗು ಎಷ್ಟು ಹತ್ತಿರದಿಂದ ಬರುತ್ತಿತ್ತೆಂದರೆ ಅದರ ಬಿಸಿಯುಸಿರು ಅವನ ಒದ್ದೆ ಕತ್ತಿಗೆ ತಾಗುತ್ತಿತ್ತು. ಅವನಿಗೆ ಇನ್ನೂ ಸಿಟ್ಟಿತ್ತು. ಸಿಟ್ಟಿನ ಅಡಿಯಲ್ಲಿ, ಈ ನಗು ನಿಲ್ಲದಿರಲಿ ಎಂಬ ಆಸೆಯೂ ಇತ್ತು.

"ವರ್ನಾ," ಎಂದ, "ಮುಂದಿನ ಶನಿವಾರ ನಾನೇ ಇಲ್ಲಿ ಕೂರ್ಲಾ? ವಿಕ್ಟರ್ ಬೇಕಾದ್ರೆ ಡಡ್ಲಿ ಇಟ್ಕೊಳ್ಲಿ."

ವರ್ನಾ ಕಣ್ಣೊರೆಸಿಕೊಂಡು ಚುಕ್ಕಾಣಿ ಹಿಡಿದಳು. "ಮುಂದಿನ ಶನಿವಾರ ಇಸೊಬೆಲ್ ಕೂರ್ತಾಳೆ. ದೋಣಿ ಅವಳದ್ದಲ್ವಾ? ನಿಂಗೆ ಮತ್ತೆ ಆ ಮಣೆ ಬೇಕು ಅಂದ್ರೆ, ಕಟ್ಟಲೆ ಗೊತ್ತಲ್ಲ. ಮತ್ತೆ ಒಡೀಬೇಕು."

ಕ್ಲೆಮ್ ಎಡಮಗ್ಗುಲಿನ ತೇಪೆಯ ಮೇಲೆ ಅಂಗೈ ಇಟ್ಟು ನೋಡಿದ. ಒಂದು ತೊಟ್ಟು ನೀರೂ ಜಿನುಗಿರಲಿಲ್ಲ. ಇನ್ನು ಹತ್ತು ವರ್ಷ ಅಲ್ಲಾಡುವ ತೇಪೆಯಲ್ಲ ಅದು. ಹಾಳಾದ್ದು, ಇಷ್ಟು ಗಟ್ಟಿಯಾಗಿ ಕಟ್ಟಬಾರದಿತ್ತು ಎಂದುಕೊಂಡ.